ಎಸೆಯುವ ಕೈ ಒಬ್ಬನದು, ತೀರ್ಮಾನ ಇನ್ನೊಬ್ಬನದು

2019ರ ಜುಲೈ 25. ಜಪಾನಿನ ಈಶಾನ್ಯ ಭಾಗದ ಇವಾತೆ ಪ್ರಾಂತ್ಯದಲ್ಲಿ ಹೈಸ್ಕೂಲ್ ಬೇಸ್‌ಬಾಲ್ ಫೈನಲ್. ಒಂದು ಕಡೆ ಒಫುನಾತೊ ಎಂಬ ಕಡಲತೀರದ ಊರಿನ ಸರ್ಕಾರಿ ಶಾಲೆ. ಇನ್ನೊಂದು ಕಡೆ ಹನಮಾಕಿ ಹಿಗಾಶಿ, ಇಂದಿನ ದೊಡ್ಡ ಆಟಗಾರ ಶೊಹೆಯ್ ಒಟಾನಿ ಓದಿದ ಶಾಲೆ. ಗೆದ್ದವರಿಗೆ ಕೋಶಿಯೆನ್‌ಗೆ ಟಿಕೆಟ್. ಕೋಶಿಯೆನ್ ಎಂದರೆ ಜಪಾನಿನ ರಾಷ್ಟ್ರೀಯ ಹೈಸ್ಕೂಲ್ ಟೂರ್ನಿ. ಅದು ನಡೆಯುವಾಗ ಇಡೀ ದೇಶ ಟೀವಿ ಮುಂದೆ ಕೂರುತ್ತದೆ.

ಒಫುನಾತೊ ಶಾಲೆ ಅಲ್ಲಿಗೆ ಹೋಗಿ 35 ವರ್ಷವಾಗಿತ್ತು. 2011ರ ಸುನಾಮಿಯಲ್ಲಿ ನಲುಗಿದ ಊರು ಅದು. ಈ ಸಲ ಅವರಲ್ಲಿ ರೋಕಿ ಸಾಸಾಕಿ ಎಂಬ 17 ವರ್ಷದ ಹುಡುಗನಿದ್ದ. ಅದೇ ಸುನಾಮಿಯಲ್ಲಿ ಅಪ್ಪನನ್ನು ಕಳೆದುಕೊಂಡವನು. ದೊಡ್ಡ ಶಾಲೆಗಳನ್ನು ಬಿಟ್ಟು, ಗೆಳೆಯರ ಜೊತೆ ಊರಿನ ಶಾಲೆಯಲ್ಲೇ ಆಡುತ್ತೇನೆ ಎಂದು ಉಳಿದವನು. ಆ ವರ್ಷದ ಏಪ್ರಿಲ್‌ನಲ್ಲಿ ಗಂಟೆಗೆ 163 ಕಿ.ಮೀ. ವೇಗದಲ್ಲಿ ಚೆಂಡೆಸೆದು ದೇಶವನ್ನೇ ಬೆರಗುಗೊಳಿಸಿದ್ದ.

ಫೈನಲ್ ಶುರುವಾಯಿತು. ಸಾಸಾಕಿ ಬೆಂಚಿನ ಮೇಲೆ ಕೂತಿದ್ದ. ಒಂದೂ ಎಸೆತ ಎಸೆಯಲಿಲ್ಲ. ಒಫುನಾತೊ 2-12ರಿಂದ ಸೋತಿತು.

ಅವನಿಗೆ ಪೆಟ್ಟಾಗಿರಲಿಲ್ಲ. ಕೂರಿಸಿದ್ದು ಮ್ಯಾನೇಜರ್ ಯೋಹೆಯ್ ಕೊಕುಬೊ. ನಾಲ್ಕು ದಿನಗಳ ಹಿಂದೆ ಹುಡುಗ ಒಂದೇ ಪಂದ್ಯದಲ್ಲಿ 194 ಎಸೆತ ಎಸೆದಿದ್ದ. ಹಿಂದಿನ ದಿನದ ಸೆಮಿಫೈನಲ್‌ನಲ್ಲಿ 129. ಮಾರನೆಯ ದಿನವೇ ಮತ್ತೆ ಎಸೆದರೆ ಕೈ ಕೆಡಬಹುದು ಎಂಬುದು ಮ್ಯಾನೇಜರ್ ಲೆಕ್ಕ. ಎಸೆ ಎಂದಿದ್ದರೆ ಅವನು ಎಸೆಯುತ್ತಿದ್ದ, ಆದರೆ ಹಾಗೆ ಹೇಳಲು ತನ್ನಿಂದ ಆಗಲಿಲ್ಲ ಎಂದು ಕೊಕುಬೊ ಪತ್ರಕರ್ತರ ಮುಂದೆ ಒಪ್ಪಿಕೊಂಡರು. ತನಗೆ ಎಸೆಯುವ ಆಸೆ ಇತ್ತು ಎಂದು ಹುಡುಗನೂ ಹೇಳಿದ. ಶಾಲೆಗೆ ಸಿಟ್ಟಿನ ಫೋನ್‌ಗಳು ಒಂದರ ಹಿಂದೊಂದು ಬಂದವು.

ಕೊಕುಬೊ ಮಾಡಿದ್ದು ಸರಿಯೋ ತಪ್ಪೋ? ಇದಕ್ಕೆ ಉತ್ತರ ಆ ಒಂದು ಪಂದ್ಯದಲ್ಲಿ ಸಿಗುವುದಿಲ್ಲ. ಬೇಸ್‌ಬಾಲ್‌ನಲ್ಲಿ ಈ ಪ್ರಶ್ನೆಗೆ 130 ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದೆ. ಈ ಸಲ ನಾವು ಹೇಳಹೊರಟಿರುವುದು ಅದನ್ನೇ.

ಮೊದಲು ಆಟ ಸ್ವಲ್ಪ ತಿಳಿಯೋಣ

ನಾವು ಬೇಸ್‌ಬಾಲ್ ಆಡಿ ಬೆಳೆದವರಲ್ಲ. ನಿಮ್ಮಲ್ಲೂ ಹೆಚ್ಚಿನವರು ನೋಡಿರಲಿಕ್ಕಿಲ್ಲ. ಹಾಗಾಗಿ ಕ್ರಿಕೆಟ್ ಹಿಡಿದುಕೊಂಡೇ ಹೇಳುತ್ತೇವೆ.

ನಮ್ಮಲ್ಲಿ ಬೌಲರ್ ಇದ್ದಂತೆ ಅಲ್ಲಿ ಪಿಚರ್. ಆದರೆ ಅವನು ಓಡಿ ಬರುವುದಿಲ್ಲ. ಸಣ್ಣ ಮಣ್ಣಿನ ದಿಬ್ಬದ ಮೇಲೆ ನಿಂತು 60 ಅಡಿ 6 ಇಂಚು ದೂರಕ್ಕೆ ಎಸೆಯುತ್ತಾನೆ. ಚೆಂಡು ನೆಲಕ್ಕೆ ಬೀಳದೆ ನೇರವಾಗಿ ಬ್ಯಾಟರ್ ಹತ್ತಿರ ಹೋಗಬೇಕು. ಕ್ರಿಕೆಟ್‌ನಲ್ಲಿ ಮೊಣಕೈ ಬಗ್ಗಿಸಿ ಎಸೆದರೆ ನೋಬಾಲ್. ಅಲ್ಲಿ ಬಗ್ಗಿಸಿ ಎಸೆಯುವುದೇ ವಿದ್ಯೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುತ್ತೇವಲ್ಲ, ತೋಳೇ ಆ ಕವಣೆಯಾಗುತ್ತದೆ ಅಂದುಕೊಳ್ಳಿ.

ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಏಕದಿನ ಪಂದ್ಯದಲ್ಲಿ ಒಬ್ಬ ಬೌಲರ್‌ಗೆ 10 ಓವರ್, ಟಿ20ಯಲ್ಲಿ 4. ಮಧ್ಯೆ ಬಿಡುವೂ ಸಿಗುತ್ತದೆ. ದೊಡ್ಡವರ ಬೇಸ್‌ಬಾಲ್‌ನಲ್ಲಿ ಅಂಥ ಮಿತಿ ನಿಯಮದಲ್ಲಿಲ್ಲ. ಒಬ್ಬನೇ ಪಿಚರ್ 9 ಇನ್ನಿಂಗ್ಸ್ ಪೂರ್ತಿ ಎಸೆಯಬಹುದು. ಒಮ್ಮೆ ಹೊರಗೆ ಕಳಿಸಿದರೆ ಆ ಪಂದ್ಯಕ್ಕೆ ಮತ್ತೆ ಕರೆಯುವಂತಿಲ್ಲ. ಎಷ್ಟು ಎಸೆಯಬೇಕು, ಯಾವಾಗ ನಿಲ್ಲಿಸಬೇಕು, ಎಷ್ಟು ದಿನ ಬಿಟ್ಟು ಮತ್ತೆ ಇಳಿಸಬೇಕು, ಇದೆಲ್ಲ ಮ್ಯಾನೇಜರ್ ಕೈಯಲ್ಲಿ. ಅವರು ಮೈದಾನಕ್ಕೆ ನಡೆದು ಬಂದು ಕೈ ಚಾಚಿದರೆ ಪಿಚರ್ ಚೆಂಡು ಕೊಟ್ಟು ಹೊರಡಬೇಕು.

ಕೈಗೆ ಏನಾಗುತ್ತದೆ? ಮೊಣಕೈಯ ಒಳಬದಿಯಲ್ಲಿ ತೋಳಿನ ಮೂಳೆಯನ್ನೂ ಮುಂಗೈ ಮೂಳೆಯನ್ನೂ ಹಿಡಿದು ಕಟ್ಟಿದ ಒಂದು ಚಿಕ್ಕ ಹುರಿ ಇದೆ. ಡಾಕ್ಟರುಗಳು ಲಿಗಮೆಂಟ್ ಎನ್ನುತ್ತಾರೆ. ಪ್ರತಿ ಜೋರಿನ ಎಸೆತದಲ್ಲೂ ಅದು ಹರಿಯುವ ಹತ್ತಿರ ಹತ್ತಿರಕ್ಕೆ ಎಳೆಯಲ್ಪಡುತ್ತದೆ. ಸುತ್ತಲಿನ ಸ್ನಾಯು ಗಟ್ಟಿಯಿದ್ದಾಗ ಅದು ಸ್ವಲ್ಪ ಭಾರ ಹೊರುತ್ತದೆ. ಸ್ನಾಯು ದಣಿದರೆ ಭಾರವೆಲ್ಲ ಹುರಿಯ ಮೇಲೆ. ಬಾವಿಯ ಹಗ್ಗ ಒಂದೇ ದಿನಕ್ಕೆ ಹರಿಯುವುದಿಲ್ಲ, ಎಳೆ ಎಳೆಯಾಗಿ ಸವೆದು ಒಂದು ದಿನ ಪಟ್ಟನೆ ತುಂಡಾಗುತ್ತದೆ. ಇಲ್ಲೂ ಹಾಗೇ. ಆದರೆ ಹಗ್ಗಕ್ಕೆ ಇಲ್ಲದ ಒಂದು ಗುಣ ದೇಹಕ್ಕಿದೆ. ಬಿಡುವು ಕೊಟ್ಟರೆ ಸಣ್ಣ ಸವೆತವನ್ನು ಅದು ತಾನೇ ಸರಿಮಾಡಿಕೊಳ್ಳುತ್ತದೆ. ಆ ಬಿಡುವು ಕೊಡುವುದೋ ಬಿಡುವುದೋ ಮ್ಯಾನೇಜರ್‌ಗೆ ಸೇರಿದ್ದು. ನಮ್ಮ ಕಥೆಯೆಲ್ಲ ಇಲ್ಲೇ ಇದೆ.

1884: ಒಬ್ಬನೇ ಹೊತ್ತ ಋತು

ಅಮೆರಿಕದ ಪ್ರಾವಿಡೆನ್ಸ್ ಗ್ರೇಸ್ ಎಂಬ ತಂಡದಲ್ಲಿ ಚಾರ್ಲ್ಸ್ ರ‍್ಯಾಡ್‌ಬೋರ್ನ್ ಎಂಬ ಪಿಚರ್ ಇದ್ದ. ಜನ ಅವನನ್ನು 'ಓಲ್ಡ್ ಹಾಸ್', ಅಂದರೆ 'ಮುದಿ ಕುದುರೆ' ಎಂದು ಕರೆಯುತ್ತಿದ್ದರು. 1884ರಲ್ಲಿ ತಂಡದ ಇನ್ನೊಬ್ಬ ಮುಖ್ಯ ಪಿಚರ್ ಜಗಳವಾಡಿ ಹೊರಬಿದ್ದ. ರ‍್ಯಾಡ್‌ಬೋರ್ನ್ ಒಂದು ಕರಾರು ಮುಂದಿಟ್ಟ: ಹೆಚ್ಚು ಹಣ ಕೊಡಿ, ಋತು ಮುಗಿದ ಮೇಲೆ ಬೇರೆ ತಂಡಕ್ಕೆ ಹೋಗುವ ಸ್ವಾತಂತ್ರ್ಯ ಕೊಡಿ, ಉಳಿದ ಪಂದ್ಯಗಳ ಎಸೆತದ ಹೊರೆ ನಾನು ಹೊರುತ್ತೇನೆ. ಮ್ಯಾನೇಜರ್ ಫ್ರ್ಯಾಂಕ್ ಬ್ಯಾಂಕ್ರಾಫ್ಟ್‌ಗೆ ಬೇರೆ ದಾರಿ ಇರಲಿಲ್ಲ.

ಆ ವರ್ಷ ಅವನು ಎಸೆದದ್ದು 678 ಇನ್ನಿಂಗ್ಸ್‌ಗೂ ಹೆಚ್ಚು. 73 ಪಂದ್ಯಗಳನ್ನು ಆರಂಭದಿಂದ ಕೊನೆಯವರೆಗೆ ಒಬ್ಬನೇ ಮುಗಿಸಿದ. ಗೆದ್ದದ್ದು 59 ಎಂದು ಕೆಲವು ದಾಖಲೆ, 60 ಎಂದು ಕೆಲವು. ಇಂದಿನ ಒಳ್ಳೆಯ ಪಿಚರ್ ಒಂದು ಋತುವಿನಲ್ಲಿ 200 ಇನ್ನಿಂಗ್ಸ್ ಮುಟ್ಟಿದರೆ ಅದೇ ದೊಡ್ಡದು. ಬೆಳಗ್ಗೆ ತಲೆ ಬಾಚಿಕೊಳ್ಳಲೂ ಅವನ ಕೈ ಮೇಲೇಳುತ್ತಿರಲಿಲ್ಲ ಎಂಬ ಮಾತು ಇಂದಿಗೂ ಉಳಿದಿದೆ. ತಂಡ ಚಾಂಪಿಯನ್ ಆಯಿತು. ರ‍್ಯಾಡ್‌ಬೋರ್ನ್ 1891ರವರೆಗೆ ಆಡಿದ, ಆದರೆ ಆ ವರ್ಷದ ಹತ್ತಿರಕ್ಕೂ ಮತ್ತೆ ಬರಲಿಲ್ಲ.

ಆ ಕಾಲದಲ್ಲಿ ಇದನ್ನು ಗಂಡಸುತನ ಎನ್ನುತ್ತಿದ್ದರು. ನೋವು ಎಂದವನು ಹೇಡಿ. ಎಕ್ಸ್‌ರೇಯನ್ನೇ ಇನ್ನೂ ಕಂಡುಹಿಡಿದಿರಲಿಲ್ಲ. ಕೈ ಹೋದವನನ್ನು 'ಕೈ ಸತ್ತಿತು' ಎಂದು ಮನೆಗೆ ಕಳಿಸುತ್ತಿದ್ದರು. ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಿದ್ದ.

1966: 30ಕ್ಕೇ ನಿವೃತ್ತಿ

ಎಂಬತ್ತು ವರ್ಷ ದಾಟಿದರೂ ಹೆಚ್ಚೇನೂ ಬದಲಾಗಿರಲಿಲ್ಲ. ಲಾಸ್ ಏಂಜಲೀಸ್ ಡಾಜರ್ಸ್ ತಂಡದ ಸ್ಯಾಂಡಿ ಕೌಫ್ಯಾಕ್ಸ್ ಎಡಗೈ ಪಿಚರ್, ಆಟ ಕಂಡ ಅತಿ ಶ್ರೇಷ್ಠರಲ್ಲಿ ಒಬ್ಬರು. 1965ರ ಹೊತ್ತಿಗೇ ಅವರ ಎಡ ಮೊಣಕೈಗೆ ಸಂಧಿವಾತ ಹಿಡಿದಿತ್ತು. ಆ ವರ್ಷ 335 ಇನ್ನಿಂಗ್ಸ್, ಮುಂದಿನ ವರ್ಷ 323. ಎರಡೂ ವರ್ಷ 27-27 ಪಂದ್ಯಗಳನ್ನು ಒಬ್ಬರೇ ಮುಗಿಸಿದರು. ನೋವಿಗೆ ಕಾರ್ಟಿಸೋನ್ ಇಂಜೆಕ್ಷನ್, ಮಾತ್ರೆ, ಪಂದ್ಯಕ್ಕೆ ಮುಂಚೆ ಮೆಣಸಿನಕಾಯಿಯ ಖಾರದಂತೆ ಉರಿಯುವ ಮುಲಾಮು, ಮುಗಿದ ಮೇಲೆ ಮಂಜುಗಡ್ಡೆಯ ನೀರಿನಲ್ಲಿ ಕೈ.

1965ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ. ಮ್ಯಾನೇಜರ್ ವಾಲ್ಟರ್ ಆಲ್ಸ್‌ಟನ್ ಮುಂದೆ ಇಬ್ಬರಿದ್ದರು: ಮೂರು ದಿನ ವಿಶ್ರಾಂತಿ ಪಡೆದ ಡಾನ್ ಡ್ರೈಸ್‌ಡೇಲ್, ಬರೀ ಎರಡು ದಿನ ವಿಶ್ರಾಂತಿ ಪಡೆದ ಕೌಫ್ಯಾಕ್ಸ್. ಆಲ್ಸ್‌ಟನ್ ಆರಿಸಿದ್ದು ಕೌಫ್ಯಾಕ್ಸ್‌ರನ್ನು. ಅವರು ಎದುರಾಳಿಗೆ ಒಂದೂ ರನ್ ಕೊಡದೆ 2-0ರಿಂದ ಗೆಲ್ಲಿಸಿಬಿಟ್ಟರು. ಇವತ್ತಿಗೂ ಅದನ್ನು ವೀರಗಾಥೆಯಂತೆ ಹೇಳುತ್ತಾರೆ.

ಮರುವರ್ಷ ನವೆಂಬರ್ 18ರಂದು ಕೌಫ್ಯಾಕ್ಸ್ ನಿವೃತ್ತಿ ಘೋಷಿಸಿದರು. ವಯಸ್ಸು 30. ಆ ಋತುವಿನಲ್ಲಿ 27 ಪಂದ್ಯ ಗೆದ್ದಿದ್ದರು. ಆಟ ಬಿಟ್ಟ ಮೇಲೂ ಬದುಕು ಉದ್ದವಿದೆ, ಆ ದಿನಗಳನ್ನು ಪೂರ್ತಿ ದೇಹದಿಂದ ಬದುಕಬೇಕು ಎಂಬುದು ಅವರು ಕೊಟ್ಟ ಕಾರಣ. ನಮಗೆ ಇಲ್ಲಿ ಮುಖ್ಯವಾಗಿ ಕಾಣುವುದು ಇದು: 'ಸಾಕು' ಎಂದವರು ಮ್ಯಾನೇಜರ್ ಅಲ್ಲ, ತಂಡದ ಮಾಲೀಕರೂ ಅಲ್ಲ. ಆಟಗಾರನೇ ಹೇಳಬೇಕಾಯಿತು. ಹೇಳಲು ಆಟವನ್ನೇ ಬಿಡಬೇಕಾಯಿತು.

1974: ಹರಿದ ಹುರಿಗೆ ಹೊಸ ಹುರಿ

ಅದೇ ಡಾಜರ್ಸ್ ತಂಡದ ಟಾಮಿ ಜಾನ್‌ಗೆ 1974ರ ಜುಲೈನಲ್ಲಿ ಎಸೆಯುವಾಗಲೇ ಮೊಣಕೈಯ ಲಿಗಮೆಂಟ್ ಹರಿಯಿತು. ಅಲ್ಲಿಯತನಕ ಹಾಗಾದರೆ ಆಟ ಮುಗಿದಂತೆಯೇ. ಸೆಪ್ಟೆಂಬರ್ 25ರಂದು ಡಾ. ಫ್ರ್ಯಾಂಕ್ ಜೋಬ್ ಹೊಸದೊಂದು ಪ್ರಯತ್ನ ಮಾಡಿದರು. ಬಲಗೈಯ ಮುಂಗೈಯಿಂದ ಒಂದು ಸ್ನಾಯುರಜ್ಜು ತೆಗೆದು, ಎಡ ಮೊಣಕೈ ಮೂಳೆಗಳಲ್ಲಿ ತೂತು ಕೊರೆದು ಪೋಣಿಸಿ ಕಟ್ಟಿದರು. ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂದು ಡಾಕ್ಟರ್ ಅಂದಾಜಿಸಿದ್ದರು.

ಟಾಮಿ ಜಾನ್ ಒಂದು ವರ್ಷ ಪೂರ್ತಿ ಕೂತರು. 1976ರಲ್ಲಿ ಮರಳಿದರು. 1989ರವರೆಗೆ, ತಮ್ಮ 46ನೇ ವಯಸ್ಸಿನವರೆಗೆ ಎಸೆದರು. ಗೆದ್ದ 288 ಪಂದ್ಯಗಳಲ್ಲಿ 164 ಬಂದದ್ದು ಆಪರೇಷನ್ ಆದ ಮೇಲೆ. ಆ ಶಸ್ತ್ರಚಿಕಿತ್ಸೆಗೆ ಈಗ ಅವರದೇ ಹೆಸರು.

ಇದರಿಂದ ಸಾವಿರಾರು ಆಟಗಾರರ ಬದುಕು ಉಳಿಯಿತು. ಜೊತೆಗೆ ಒಂದು ಕೆಟ್ಟ ಧೈರ್ಯವೂ ಬಂತು: ಹರಿದರೆ ಹೊಲಿಸಿದರಾಯಿತು. ಮೊಣಕೈಗಾದರೂ ಇಂಥ ದಾರಿ ಇತ್ತು. ಭುಜ ಹೋದವರಿಗೆ ಅಷ್ಟು ಒಳ್ಳೆಯ ಮದ್ದು ಇರಲಿಲ್ಲ. ಮುಂದಿನ ಕಥೆ ಅಂಥವರದು.

1980: ಐವರು ಹುಡುಗರು, 94 ಪೂರ್ತಿ ಪಂದ್ಯ

1979ರಲ್ಲಿ ಓಕ್ಲೆಂಡ್ ಏಸ್ ತಂಡ 108 ಪಂದ್ಯ ಸೋತು ನಗೆಪಾಟಲಾಗಿತ್ತು. ಮರುವರ್ಷ ಬಿಲ್ಲಿ ಮಾರ್ಟಿನ್ ಎಂಬ ಮ್ಯಾನೇಜರ್ ಬಂದರು. ಮುಂಗೋಪಿ, ಆದರೆ ಸೋಲುವ ತಂಡವನ್ನು ಗೆಲ್ಲಿಸುವುದರಲ್ಲಿ ನಿಪುಣ. ಅಲ್ಲಿಯತನಕ ಗೆಲ್ಲಿಸಿದ್ದೂ ಆಯಿತು, ಜಗಳವಾಡಿ ಕೆಲಸ ಕಳೆದುಕೊಂಡದ್ದೂ ಆಯಿತು, ಹೋದ ಕಡೆಯೆಲ್ಲ. ನಾಡಿದ್ದು ತಾನಿಲ್ಲಿ ಇರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದವರು ಮುಂದಿನ ಐದು ವರ್ಷದ ಚಿಂತೆ ಹೇಗೆ ಮಾಡುತ್ತಾರೆ?

ಮಾರ್ಟಿನ್‌ಗೆ ಬದಲಿ ಪಿಚರ್‌ಗಳ ಮೇಲೆ ನಂಬಿಕೆ ಇರಲಿಲ್ಲ. ಆರಂಭಿಸಿದವನೇ ಮುಗಿಸಬೇಕು. ರಿಕ್ ಲ್ಯಾಂಗ್‌ಫರ್ಡ್ 28 ಪಂದ್ಯ ಪೂರ್ತಿ ಎಸೆದರು, ಅದರಲ್ಲಿ ಸತತ 22. ಮೈಕ್ ನಾರಿಸ್ 24, ಮ್ಯಾಟ್ ಕಿಯೊ 20, ಸ್ಟೀವ್ ಮೆಕ್ಯಾಟಿ 11, ಬ್ರಯನ್ ಕಿಂಗ್‌ಮನ್ 10. ತಂಡದ ಒಟ್ಟು 94. ಎಲ್ಲರೂ 30ರ ಒಳಗಿನವರು. ಒಬ್ಬರಂತೂ ಒಂದೇ ಪಂದ್ಯದಲ್ಲಿ 14 ಇನ್ನಿಂಗ್ಸ್ ಎಸೆದರು.

ತಂಡ 83 ಪಂದ್ಯ ಗೆದ್ದಿತು. ಅದರಲ್ಲಿ 79 ಈ ಐವರದೇ. ಮರುವರ್ಷ ಪ್ಲೇಆಫ್‌ಗೂ ಹೋಯಿತು. ಪತ್ರಿಕೆಗಳು ಈ ಆಟಕ್ಕೆ 'ಬಿಲ್ಲಿಬಾಲ್' ಎಂದು ಹೆಸರಿಟ್ಟವು. ಆ ಐವರ ಚಿತ್ರ ಎಲ್ಲ ಕಡೆ ಬಂತು.

ಆಮೇಲೆ? 1980ರ ನಂತರ ಆ ಐವರಲ್ಲಿ ಒಬ್ಬರೂ ಒಂದು ಋತುವಿನಲ್ಲಿ 15 ಪಂದ್ಯ ಗೆಲ್ಲಲಿಲ್ಲ. 1980ರಲ್ಲಿ 22 ಪಂದ್ಯ ಗೆದ್ದಿದ್ದ ನಾರಿಸ್‌ಗೆ 28ರ ಹೊತ್ತಿಗೆ ಭುಜದ ಆಪರೇಷನ್. ಉಳಿದವರೂ ಒಬ್ಬರ ಹಿಂದೊಬ್ಬರು ಕಳೆಗುಂದಿದರು. 1982ರಲ್ಲಿ ತಂಡ 94 ಪಂದ್ಯ ಸೋತಿತು, ಮಾರ್ಟಿನ್ ಕೆಲಸ ಹೋಯಿತು. ಅವರಿಗೆ ನ್ಯೂಯಾರ್ಕ್‌ನಲ್ಲಿ ಮತ್ತೆ ಮ್ಯಾನೇಜರ್ ಹುದ್ದೆ ಸಿಕ್ಕಿತು. ಹುಡುಗರಿಗೆ ಹೊಸ ಕೈ ಸಿಗಲಿಲ್ಲ.

ಎಲ್ಲವನ್ನೂ ಮಾರ್ಟಿನ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಪಿಚರ್‌ಗಳ ಕೈ ಬೇರೆ ಕಾರಣಕ್ಕೂ ಹೋಗುತ್ತದೆ, ನಾರಿಸ್‌ಗೆ ಮಾದಕ ವಸ್ತುವಿನ ಕಾಟವೂ ಇತ್ತು. ಆದರೂ ಒಂದೇ ತಂಡದ ಐದಕ್ಕೆ ಐದೂ ಜನ ಹೀಗೆ ಮಸುಕಾದಾಗ ಬೇಸ್‌ಬಾಲ್ ಲೋಕ ಮೊದಲ ಬಾರಿಗೆ ಗಟ್ಟಿಯಾಗಿ ಕೇಳಿತು: ಇದು ದುರದೃಷ್ಟವೋ, ದುಡಿಸಿದ್ದರ ಫಲವೋ?

ಎಣಿಸಲು ಕಲಿತ ಕಾಲ

ಇನ್ನಿಂಗ್ಸ್ ಎಣಿಸಿದರೆ ಸಾಲದು, ಎಸೆತ ಎಣಿಸಬೇಕು ಎಂಬ ಅರಿವು ಬಂದದ್ದು ಇದಾದ ಮೇಲೆ, ನಿಧಾನವಾಗಿ. ಒಂದು ಇನ್ನಿಂಗ್ಸ್ 8 ಎಸೆತದಲ್ಲಿ ಮುಗಿಯಬಹುದು, 35 ಎಸೆತವೂ ಬೇಕಾಗಬಹುದು. ಕೈಗೆ ಗೊತ್ತಾಗುವುದು ಎಸೆತ ಮಾತ್ರ.

1998ರ ಮೇ 6ರಂದು ಶಿಕಾಗೊ ಕಬ್ಸ್ ತಂಡದ ಕೆರಿ ವುಡ್ ಎಂಬ 20ರ ಹುಡುಗ ಒಂದೇ ಪಂದ್ಯದಲ್ಲಿ 20 ಜನರನ್ನು ಸ್ಟ್ರೈಕ್‌ಔಟ್ ಮಾಡಿದ. ಎಸೆದದ್ದು 122. ಮುಂದಿನ ವರ್ಷ ಟಾಮಿ ಜಾನ್ ಆಪರೇಷನ್, ಋತು ಪೂರ್ತಿ ಹೊರಗೆ. ಅದೇ 1998ರಲ್ಲಿ ರ‍್ಯಾನಿ ಜಝೈಯರ್ಲಿ ಎಂಬ ಬರಹಗಾರರು ಒಂದು ಲೆಕ್ಕ ಮುಂದಿಟ್ಟರು. ನೂರು ಎಸೆತ ದಾಟಿದ ಮೇಲೆ ಪ್ರತಿ ಎಸೆತಕ್ಕೂ ಅಂಕ, ಸಂಖ್ಯೆ ಏರಿದಂತೆ ಅಂಕ ಇನ್ನೂ ಹೆಚ್ಚು. ಯಾವ ಮ್ಯಾನೇಜರ್ ಯಾರ ಕೈಯನ್ನು ಎಷ್ಟು ದಂಡಿಸಿದರು ಎಂದು ಯಾರು ಬೇಕಾದರೂ ಕೂಡಿಸಿ ನೋಡಬಹುದಿತ್ತು. ಆ ಲೆಕ್ಕದಲ್ಲಿ ಕೊರತೆಗಳಿದ್ದವು. ಆದರೆ ಮ್ಯಾನೇಜರ್ ಕೆಲಸ ಅಲ್ಲಿಂದ ಬಹಿರಂಗದ ಲೆಕ್ಕವಾಯಿತು.

ಆದರೂ 2003ರಲ್ಲಿ ಅದೇ ಕಬ್ಸ್ ತಂಡದಲ್ಲಿ ಹಳೆಯ ಕಥೆ ಮರುಕಳಿಸಿತು. ಕಬ್ಸ್ 1908ರಿಂದ ಚಾಂಪಿಯನ್ ಆಗಿರಲಿಲ್ಲ. ಈ ಸಲ ಆಗುವ ಹಾಗಿತ್ತು. ಮ್ಯಾನೇಜರ್ ಡಸ್ಟಿ ಬೇಕರ್ ಕೈಯಲ್ಲಿ ಮಾರ್ಕ್ ಪ್ರಯರ್ ಎಂಬ ಅಪರೂಪದ ಪಿಚರ್ ಇದ್ದ. ಋತುವಿನ ಬಹುಪಾಲು ಅವನಿಗಿನ್ನೂ 22. ಸೆಪ್ಟೆಂಬರ್ ತಿಂಗಳಲ್ಲಿ ಅವನು ಮತ್ತೆ ಮತ್ತೆ 120, 130 ಎಸೆತ ದಾಟಿದ. ಪ್ಲೇಆಫ್‌ನಲ್ಲೂ ಅದೇ. ಕಬ್ಸ್ ಕಪ್ಪಿನ ಹತ್ತಿರ ಹೋಗಿ ಎಡವಿತು. ಪ್ರಯರ್ ದೊಡ್ಡ ಲೀಗ್‌ನಲ್ಲಿ ಕೊನೆಯ ಪಂದ್ಯ ಎಸೆದದ್ದು 2006ರಲ್ಲಿ, 25ನೇ ವಯಸ್ಸಿಗೆ. ಮಧ್ಯೆ ಮೈದಾನದಲ್ಲಿ ಢಿಕ್ಕಿ, ಮೊಣಕೈಗೆ ಚೆಂಡಿನ ಪೆಟ್ಟು ಕೂಡ ಆಗಿದ್ದವು. ಬೇಕರ್ ಅವರನ್ನು ತಾನು ದೂರುವುದಿಲ್ಲ ಎಂದು ಪ್ರಯರ್ ಹೇಳಿದ್ದಾರೆ. ಆ ಹೆಸರನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

2012: ಎರಡು ತೀರ್ಮಾನ

ಅದೇ ವರ್ಷ ನಡೆದ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ನ್ಯೂಯಾರ್ಕ್ ಮೆಟ್ಸ್ ತಂಡ ಹುಟ್ಟಿದ್ದು 1962ರಲ್ಲಿ. ಎದುರಾಳಿಗೆ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸುವುದು ಪಿಚಿಂಗ್‌ನ ದೊಡ್ಡ ಗೌರವ. 50 ವರ್ಷದಲ್ಲಿ ಒಬ್ಬ ಮೆಟ್ಸ್ ಪಿಚರ್‌ಗೂ ಅದು ಒಲಿದಿರಲಿಲ್ಲ. ಜೂನ್ 1ರಂದು ಯೋಹಾನ್ ಸಂಟಾನ ಅದರ ಹತ್ತಿರ ಬಂದರು. ಭುಜದ ದೊಡ್ಡ ಆಪರೇಷನ್ ಆಗಿ ಮರಳಿದ್ದವರು ಅವರು. ಮ್ಯಾನೇಜರ್ ಟೆರಿ ಕಾಲಿನ್ಸ್ 115ರ ಆಸುಪಾಸಿಗೆ ನಿಲ್ಲಿಸಬೇಕೆಂದಿದ್ದರು. ಪಂದ್ಯ ಮುಗಿಯಲಿಲ್ಲ, ಜನ ಎದ್ದು ನಿಂತಿದ್ದಾರೆ, ಸಂಟಾನ ಬಿಡುವುದಿಲ್ಲ ಎನ್ನುತ್ತಿದ್ದಾರೆ. ಕಾಲಿನ್ಸ್ ಬಿಟ್ಟುಕೊಟ್ಟರು. 134 ಎಸೆತ, ದಾಖಲೆ ಆಯಿತು. ಊರೆಲ್ಲ ಕುಣಿಯುತ್ತಿದ್ದಾಗ ಕಾಲಿನ್ಸ್ ಮುಖ ಮಾತ್ರ ಭಾರವಾಗಿತ್ತು. ಸಂಟಾನ ಆಮೇಲೆ ಎಸೆದದ್ದು ಇನ್ನು 10 ಪಂದ್ಯ, ಅದರಲ್ಲಿ ಬಹುಪಾಲು ಸೋಲು. ಮುಂದಿನ ವರ್ಷ ಭುಜ ಮತ್ತೆ ಹರಿಯಿತು. ದೊಡ್ಡ ಲೀಗ್‌ಗೆ ಅವರು ಮರಳಲಿಲ್ಲ.

ಅದೇ ಋತುವಿನಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ತಂಡ ತನ್ನ ಸ್ಟೀಫನ್ ಸ್ಟ್ರಾಸ್‌ಬರ್ಗ್‌ರನ್ನು 159 ಇನ್ನಿಂಗ್ಸ್ ಆದ ಮೇಲೆ ಸೆಪ್ಟೆಂಬರ್‌ನಲ್ಲಿ ಕೂರಿಸಿಬಿಟ್ಟಿತು. ಎರಡು ವರ್ಷದ ಹಿಂದೆ ಅವರಿಗೆ ಮೊಣಕೈ ಆಪರೇಷನ್ ಆಗಿತ್ತು. ತಂಡ ಪ್ಲೇಆಫ್‌ಗೆ ಹೋಗಿ ಮೊದಲ ಸುತ್ತಲ್ಲೇ ಸೋತಿತು. ತಂಡದ ಮುಖ್ಯಸ್ಥ ಮೈಕ್ ರಿಜೊ ಅವರನ್ನು ಬಯ್ಯದವರಿಲ್ಲ. ಏಳು ವರ್ಷದ ನಂತರ, 2019ರಲ್ಲಿ ಅದೇ ತಂಡ ವರ್ಲ್ಡ್ ಸೀರೀಸ್ ಗೆದ್ದಿತು. ಸರಣಿಯ ಶ್ರೇಷ್ಠ ಆಟಗಾರ ಸ್ಟ್ರಾಸ್‌ಬರ್ಗ್!

ಇಲ್ಲಿಗೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಪೂರ್ತಿ ಹೇಳಬೇಕು. ಆ ಗೆಲುವಿನ ನಂತರ ಅವರಿಗೆ ಏಳು ವರ್ಷಕ್ಕೆ 24.5 ಕೋಟಿ ಡಾಲರ್ ಒಪ್ಪಂದ ಸಿಕ್ಕಿತು. ಆ ಒಪ್ಪಂದದಲ್ಲಿ ಅವರು ಆಡಲಾದದ್ದು ಎಂಟೇ ಪಂದ್ಯ. ಕೈ ಮತ್ತು ಭುಜದ ನರಗಳ ತೊಂದರೆ ಬಿಡಲಿಲ್ಲ. ಕಾಪಾಡಿದ ಕೈ ಕೂಡ ಕೊನೆಗೆ ಸೋತಿತು. ಕಾಪಾಡಿದ್ದರಿಂದ ಅವರಿಗೆ ನಡುವೆ ಏಳು ವರ್ಷ ಸಿಕ್ಕಿತು ಎಂದು ಹೇಳಬಹುದೇನೋ. ಅದು ಗ್ಯಾರಂಟಿ ಅಲ್ಲ.

ಮಕ್ಕಳ ಕೈ

ದೊಡ್ಡವರಿಗೆ ಸಂಬಳವಾದರೂ ಇರುತ್ತದೆ. ಮಕ್ಕಳಿಗೆ?

1998ರ ಆಗಸ್ಟ್‌ನಲ್ಲಿ ಕೋಶಿಯೆನ್‌ನ ಕ್ವಾರ್ಟರ್‌ಫೈನಲ್. ಯೊಕೊಹಾಮಾ ಶಾಲೆಯ ದೈಸುಕೆ ಮತ್ಸುಜಾಕ 17 ಇನ್ನಿಂಗ್ಸ್, 250 ಎಸೆತ ಎಸೆದ. ಅದರ ಹಿಂದಿನ ದಿನವೂ ಪೂರ್ತಿ ಪಂದ್ಯ ಎಸೆದಿದ್ದ. ಮಾರನೆಯ ದಿನ ಕೈಗೆ ಸುತ್ತಿದ್ದ ಪಟ್ಟಿ ಕಿತ್ತುಹಾಕಿ ಬಂದು ಕೊನೆಯ ಇನ್ನಿಂಗ್ಸ್ ಎಸೆದ. ಅದರ ಮಾರನೆಯ ದಿನ ಫೈನಲ್‌ನಲ್ಲಿ ಒಂದೂ ಹಿಟ್ ಕೊಡದೆ ಗೆಲ್ಲಿಸಿದ. ಜಪಾನ್ ಅವನನ್ನು ದೇವರ ಮಟ್ಟಕ್ಕೆ ಏರಿಸಿತು. ಮುಂದೆ ಅವನು ಅಮೆರಿಕದಲ್ಲೂ ವರ್ಲ್ಡ್ ಸೀರೀಸ್ ಗೆದ್ದ, 2011ರಲ್ಲಿ ಅವನ ಮೊಣಕೈಗೂ ಆಪರೇಷನ್ ಆಯಿತು. 'ಮತ್ಸುಜಾಕ ಎಸೆಯಲಿಲ್ಲವೇ?' ಎಂಬುದು ಅಲ್ಲಿನ ಎಷ್ಟೋ ಕೋಚ್‌ಗಳ ವಾದ. ಉಳಿದುಕೊಂಡವನ ಹೆಸರು ಎಲ್ಲರ ಬಾಯಲ್ಲಿರುತ್ತದೆ. ಹೈಸ್ಕೂಲ್‌ನಲ್ಲೇ ಕೈ ಕಳೆದುಕೊಂಡವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ಅಮೆರಿಕದ ಅಲಬಾಮಾದ ಕ್ರೀಡಾ ವೈದ್ಯ ಸಂಸ್ಥೆಯ ಸಂಶೋಧಕರು ಆಪರೇಷನ್ ಆದ ಹುಡುಗರನ್ನೂ ಆಗದವರನ್ನೂ ಹೋಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ವರ್ಷದಲ್ಲಿ 8 ತಿಂಗಳಿಗಿಂತ ಹೆಚ್ಚು ಪಂದ್ಯ ಎಸೆದವರಲ್ಲಿ ಆಪರೇಷನ್‌ನ ಅಪಾಯ 5 ಪಟ್ಟು. ಪಂದ್ಯಕ್ಕೆ ಸರಾಸರಿ 80ಕ್ಕಿಂತ ಹೆಚ್ಚು ಎಸೆದವರಲ್ಲಿ ಸುಮಾರು 4 ಪಟ್ಟು. ಕೈ ಸೋತಿದ್ದರೂ ಪದೇ ಪದೇ ಎಸೆದವರಲ್ಲಿ 36 ಪಟ್ಟು. ಈ ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ಎಷ್ಟು ಎಸೆದ ಎಂಬುದಕ್ಕಿಂತ, ಸೋತ ಕೈಯಲ್ಲಿ ಎಸೆದನೇ ಎಂಬುದು ದೊಡ್ಡ ಪ್ರಶ್ನೆ.

2007ರಲ್ಲಿ ಅಮೆರಿಕದ ಮಕ್ಕಳ ಲಿಟಲ್ ಲೀಗ್ ದಿನದ ಎಸೆತಕ್ಕೆ ಮಿತಿ ಹಾಕಿತು. 11-12ರ ಮಕ್ಕಳಿಗೆ 85, ಎಸೆದಷ್ಟೂ ಕಡ್ಡಾಯ ವಿಶ್ರಾಂತಿ. ಜಪಾನ್ ತಡ ಮಾಡಿತು. ಸಾಸಾಕಿ ಬೆಂಚಿನ ಮೇಲೆ ಕೂತ ಮರುವರ್ಷ, 2020ರಿಂದ ಅಲ್ಲಿನ ಹೈಸ್ಕೂಲ್ ಒಕ್ಕೂಟವೂ ಒಬ್ಬ ಪಿಚರ್‌ಗೆ ವಾರಕ್ಕೆ 500 ಎಸೆತದ ಮಿತಿ ತಂದಿತು.

ಎಣಿಕೆಯೊಂದೇ ಸಾಲದು

ಇಷ್ಟೆಲ್ಲ ಎಣಿಸಿ, ತಡೆದು ಮಾಡಿದ ಮೇಲೆ ಕೈಗಳು ಉಳಿದಿರಬೇಕಲ್ಲ? ಇಲ್ಲ. ಈಗ ಒಬ್ಬ ಪಿಚರ್ ಒಂದು ಪಂದ್ಯದಲ್ಲಿ ನೂರು ದಾಟುವುದೇ ಅಪರೂಪ. ಆದರೂ ಅಮೆರಿಕದ ದೊಡ್ಡ ಮತ್ತು ಕಿರಿಯ ಲೀಗ್‌ಗಳಲ್ಲಿ ಟಾಮಿ ಜಾನ್ ಆಪರೇಷನ್‌ಗಳು 2010ರಲ್ಲಿ 104 ಇದ್ದದ್ದು 2024ರಲ್ಲಿ 281 ಆದವು. 2024ರ ಡಿಸೆಂಬರ್‌ನಲ್ಲಿ ಲೀಗ್ ಪ್ರಕಟಿಸಿದ ವರದಿ ಬೆರಳು ತೋರಿಸಿದ್ದು ವೇಗದ ಕಡೆಗೆ. 2008ರಲ್ಲಿ ಗಂಟೆಗೆ ಸುಮಾರು 147 ಕಿ.ಮೀ. ಇದ್ದ ಸರಾಸರಿ ವೇಗದ ಎಸೆತ ಈಗ 151 ದಾಟಿದೆ. ಹಿಂದೆ ಪಿಚರ್ ಒಂಬತ್ತು ಇನ್ನಿಂಗ್ಸ್‌ಗೆ ಬಲ ಉಳಿಸಿಕೊಂಡು, ಬೇಕಾದಾಗ ಮಾತ್ರ ಜೋರು ಮಾಡುತ್ತಿದ್ದ. ಈಗ ಐದು ಇನ್ನಿಂಗ್ಸ್ ಸಾಕು, ಪ್ರತಿ ಎಸೆತದಲ್ಲೂ ಇರುವ ಬಲವೆಲ್ಲ ಹಾಕು ಎಂದು ಹೇಳಿಸಿಕೊಳ್ಳುತ್ತಾನೆ.

ಅಂದರೆ ಎಸೆತದ ಸಂಖ್ಯೆ ಇಳಿಯಿತು, ಒಂದೊಂದು ಎಸೆತದ ಭಾರ ಏರಿತು. ಮೂಟೆಗಳು ಕಡಿಮೆ ಎಂದು ಸಮಾಧಾನಪಟ್ಟು ಒಂದೊಂದು ಮೂಟೆಯ ತೂಕ ನೋಡದೇ ಇದ್ದ ಹಾಗೆ.

ಹಾಗಾದರೆ ಎಣಿಕೆ ವ್ಯರ್ಥವೇ? ನಮಗೆ ಹಾಗನಿಸುವುದಿಲ್ಲ. ಎಣಿಕೆ ಒಂದು ಬೇಲಿ. ಬೇಲಿ ಹಾಕಿದ ಮಾತ್ರಕ್ಕೆ ಬೆಳೆ ಬರುವುದಿಲ್ಲ, ಬೇಲಿ ಇಲ್ಲದಿದ್ದರೆ ಇದ್ದದ್ದೂ ಹೋಗುತ್ತದೆ. ಬೇಲಿಯೊಳಗೆ ನೋಡುವ ಕಣ್ಣು ಬೇಕು. ಎಸೆತದ ವೇಗ ಇಳಿಯಿತೇ, ಚೆಂಡು ಗುರಿ ಬಿಟ್ಟು ಮೇಲೆ ಹೋಗುತ್ತಿದೆಯೇ, ಹುಡುಗ ಮಧ್ಯೆ ಮಧ್ಯೆ ಕೈ ಒದರಿಕೊಳ್ಳುತ್ತಿದ್ದಾನೆಯೇ ಎಂದು ಗಮನಿಸುವ ಮನುಷ್ಯ ಬೇಕು. ಆ ಮನುಷ್ಯ ಆಟಗಾರನೇ ಆಗಲಾರ. ಕೇಳಿದರೆ ಅವನು 'ನಾನು ಎಸೆಯುತ್ತೇನೆ' ಎಂದೇ ಹೇಳುತ್ತಾನೆ. ಕೌಫ್ಯಾಕ್ಸ್ ಎಸೆದರು, ನಾರಿಸ್ ಎಸೆದರು, ಸಂಟಾನ ಹಟ ಹಿಡಿದು ಎಸೆದರು. ಸಾಸಾಕಿಯೂ ಎಸೆಯುತ್ತಿದ್ದ.

ಮತ್ತೆ ಸಾಸಾಕಿ

2022ರ ಏಪ್ರಿಲ್ 10. ಬೆಂಚಿನ ಮೇಲೆ ಕೂತಿದ್ದ ಆ ಹುಡುಗನಿಗೆ ಈಗ 20, ಚಿಬಾ ಲೊಟ್ಟೆ ಮರೀನ್ಸ್ ತಂಡದ ಪಿಚರ್. ಆ ದಿನ ಎದುರಾಳಿಯ ಒಬ್ಬ ಬ್ಯಾಟರನ್ನೂ ಬೇಸ್ ಮುಟ್ಟಲು ಬಿಡದೆ ಪಂದ್ಯ ಮುಗಿಸಿದ. 105 ಎಸೆತ, 19 ಸ್ಟ್ರೈಕ್‌ಔಟ್. ಜಪಾನಿನ ವೃತ್ತಿಪರ ಲೀಗ್‌ನಲ್ಲಿ ಅಂಥ ಪಂದ್ಯ ಆಗಿದ್ದು 1994ರ ನಂತರ ಅದೇ ಮೊದಲು. ಮುಂದಿನ ವಾರ ಎಂಟು ಇನ್ನಿಂಗ್ಸ್ ಮತ್ತೆ ಹಾಗೇ ಎಸೆದ. ಇನ್ನೊಂದು ಇನ್ನಿಂಗ್ಸ್ ಉಳಿದಿತ್ತು. 102 ಎಸೆತಕ್ಕೆ ಮ್ಯಾನೇಜರ್ ತಡಾಹಿತೊ ಇಗುಚಿ ಹೊರಗೆ ಕರೆದರು. ತಂಡ ಆ ಪಂದ್ಯವನ್ನು 0-1ರಿಂದ ಸೋತಿತು. ಈ ಸಲ ತೀರ್ಮಾನವನ್ನು ಮೆಚ್ಚಿದವರೂ ಬಹಳ ಇದ್ದರು.

2025ರಲ್ಲಿ ಸಾಸಾಕಿ ಅಮೆರಿಕಕ್ಕೆ ಹೋದ. ಸೇರಿದ್ದು ಲಾಸ್ ಏಂಜಲೀಸ್ ಡಾಜರ್ಸ್. ಕೌಫ್ಯಾಕ್ಸ್ 30ಕ್ಕೆ ಕೈ ಇಳಿಸಿದ ತಂಡ, ಟಾಮಿ ಜಾನ್ ಮೊಣಕೈ ಹೊಲಿಸಿಕೊಂಡ ತಂಡ. ಮೇ ತಿಂಗಳಲ್ಲಿ ಭುಜ ನೋವು ಬಂತು. ತಂಡ ತಿಂಗಳುಗಟ್ಟಲೆ ಕೂರಿಸಿತು, ಸೆಪ್ಟೆಂಬರ್ ಕೊನೆಗೆ ಚಿಕ್ಕ ಚಿಕ್ಕ ಪಾಳಿಯಲ್ಲಿ ಮರಳಿ ಇಳಿಸಿತು. ಆ ವರ್ಷ ಡಾಜರ್ಸ್ ವರ್ಲ್ಡ್ ಸೀರೀಸ್ ಗೆದ್ದಿತು.

ಆ ತಂಡದ ಪಿಚಿಂಗ್ ಕೋಚ್ ಯಾರು ಗೊತ್ತೇ? ಮಾರ್ಕ್ ಪ್ರಯರ್. 25ಕ್ಕೇ ಆಟ ಮುಗಿದವರು ಈಗ ಇನ್ನೊಬ್ಬರ ಕೈಗಳನ್ನು ಕಾಯುವ ಕೆಲಸದಲ್ಲಿದ್ದಾರೆ.

ಸಾಸಾಕಿಯ ಕೈ ಎಷ್ಟು ವರ್ಷ ಬಾಳುತ್ತದೋ ಯಾರೂ ಹೇಳಲಾರರು. ಆ ಫೈನಲ್‌ನಲ್ಲಿ ಎಸೆದಿದ್ದರೆ ಅವನಿಗೆ ಏನೂ ಆಗದೆಯೂ ಇರಬಹುದಿತ್ತು. ಇಂಥ ತೀರ್ಮಾನದ ಕಷ್ಟವೇ ಅದು. ಹುಡುಗನನ್ನು ಎಸೆಸಿ ಗೆದ್ದರೆ ಕಪ್ ಕಣ್ಣಿಗೆ ಕಾಣುತ್ತದೆ. ಕೂರಿಸಿ ಸೋತರೆ ಉಳಿದ ಕೈ ಯಾರ ಕಣ್ಣಿಗೂ ಕಾಣುವುದಿಲ್ಲ, ಬೈಗುಳ ಮಾತ್ರ ಕೇಳಿಸುತ್ತದೆ. ಆ ಬೈಗುಳವನ್ನು ತಾನು ಹೊತ್ತುಕೊಂಡು ಹುಡುಗನನ್ನು ಹಗುರ ಮಾಡುವುದೇ ಮ್ಯಾನೇಜರ್ ಕೆಲಸದ ಅರ್ಧ ಭಾಗ ಎಂದು ನಾವು ಈ ಚರಿತ್ರೆಯಿಂದ ತಿಳಿದುಕೊಂಡೆವು.

ನಮ್ಮ ಓದುಗರಲ್ಲಿ ಪಿಟಿ ಮೇಷ್ಟ್ರುಗಳಿದ್ದೀರಿ, ಊರಿನ ಟೀಮಿಗೆ ಕ್ಯಾಪ್ಟನ್ ಆದವರಿದ್ದೀರಿ. ನಿಮ್ಮಲ್ಲೂ ಒಬ್ಬ ಜೋರಾಗಿ ಎಸೆಯುವ ಹುಡುಗ ಇದ್ದೇ ಇರುತ್ತಾನೆ. ಭಾನುವಾರ ಮೂರನೇ ಮ್ಯಾಚಿಗೆ ಅವನ ಕೈಗೆ ಚೆಂಡು ಕೊಡುವ ಮುನ್ನ 'ಆಗುತ್ತಾ?' ಎಂದು ಕೇಳಬೇಡಿ. ಆಗುತ್ತೆ ಎಂದೇ ಅನ್ನುತ್ತಾನೆ. ಬೆಳಗಿನಿಂದ ಎಷ್ಟು ಎಸೆದಿದ್ದಾನೆ ಎಂದು ನೀವೇ ಎಣಿಸಿ.